ಅವ್ವನಿಗೆ ಬರೆದ ಕಣ್ಣು

ಆ ಕಾಲದಲ್ಲಿ ನಮ್ಮ ಕಡೆ ಮನುಷ್ಯರು ಸತ್ತ ಮೇಲೆಯೇ ಫೋಟೋ ತೆಗೆಸಿಕೊಳ್ಳುತ್ತಿದ್ದರು. ತಮಾಷೆಗೆ ಹೇಳುತ್ತಿಲ್ಲ. ಬದುಕಿದ್ದಾಗ ಯಾರಿಗೆ ಪುರಸೊತ್ತು? ಮದುವೆಯಲ್ಲಿ ಒಂದು ಗುಂಪು ಫೋಟೋ, ಅದೂ ಹೆಣ್ಣಿನ ಕಡೆಯವರು ಅನುಕೂಲಸ್ಥರಾಗಿದ್ದರೆ. ಅದು ಬಿಟ್ಟರೆ ಉಸಿರು ನಿಂತ ದಿನ ಗುಬ್ಬಿಯಿಂದ ಸ್ಟುಡಿಯೋದವನು ಬರುತ್ತಿದ್ದ. ಸತ್ತವರಿಗೆ ಸ್ನಾನ ಮಾಡಿಸಿ, ಒಳ್ಳೆ ಬಟ್ಟೆ ಉಡಿಸಿ, ಜಗಲಿಯ ಗೋಡೆಗೆ ಒರಗಿಸಿ ಕೂರಿಸಿ, ಎರಡೂ ಪಕ್ಕ ಮಕ್ಕಳು ಮೊಮ್ಮಕ್ಕಳನ್ನು ನಿಲ್ಲಿಸಿ ಫೋಟೋ ಹೊಡೆಯುತ್ತಿದ್ದ. ಬಿದ್ದು ಬಿದ್ದು ಅಳುತ್ತಿದ್ದವರೂ ಆ ಗಳಿಗೆಗೆ ಸೆರಗು ಸರಿ ಮಾಡಿಕೊಂಡು ಕ್ಯಾಮೆರಾ ಕಡೆ ನೋಡುತ್ತಿದ್ದರು.

ತಿಥಿಯ ಹೊತ್ತಿಗೆ ಆ ಫೋಟೋದಿಂದ ಸತ್ತವರ ಮುಖವನ್ನಷ್ಟೇ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಎಡೆಯ ಮುಂದೆ ಇಡಬೇಕಿತ್ತು. ಕಣ್ಣು ಮುಚ್ಚಿರುವ ಫೋಟೋವನ್ನು ಮನೆಯಲ್ಲಿ ತೂಗುಹಾಕಬಾರದು ಅಂತ ಶಾಸ್ತ್ರ. ಶಾಸ್ತ್ರ ಅಂದರೆ ನಮ್ಮಜ್ಜಿ, ಅಪ್ಪನ ತಾಯಿ. ಅದಕ್ಕೇ ಸ್ಟುಡಿಯೋದವನು ಫೋಟೋವನ್ನು ತುಮಕೂರಿಗೆ ಕಳಿಸಿ ಕಣ್ಣು ಬರೆಸಿಕೊಂಡು ಬರುತ್ತಿದ್ದ. ಅಲ್ಲಿ ಯಾರೋ ಒಬ್ಬ ಸಣ್ಣ ಬ್ರಷ್ಷಿನಲ್ಲಿ ಮುಚ್ಚಿದ ರೆಪ್ಪೆಯ ಮೇಲೆ ತೆರೆದ ಕಣ್ಣು ಬರೆಯುತ್ತಿದ್ದನಂತೆ. ಪಾಪ, ಅವನಿಗೆ ಬರುತ್ತಿದ್ದದ್ದು ಒಂದೇ ಜೊತೆ ಕಣ್ಣು. ಹಾಗಾಗಿ ನಮ್ಮೂರಿನಲ್ಲಿ ಸತ್ತವರಿಗೆಲ್ಲ ಒಂದೇ ಕಣ್ಣು. ಪಟೇಲರ ಮನೆಯ ಮುದುಕನಿಗೂ, ಹಾವು ಕಡಿದು ಹೋದ ಎದುರುಮನೆ ಹುಡುಗನಿಗೂ, ಮೂಲೆಮನೆಯ ಬಾಣಂತಿಗೂ ಅದೇ ಅಗಲ ಕಣ್ಣು, ಅದೇ ಗಾಬರಿ. ಯಾರ ಮನೆಗೆ ಹೋದರೂ ಗೋಡೆಯ ಮೇಲಿಂದ ಒಬ್ಬರೇ ನೋಡುತ್ತಿದ್ದಾರೆ ಅಂತ ನನಗೆ ಭಯವಾಗುತ್ತಿತ್ತು.

ನಮ್ಮೂರು ಚೇಳೂರಿನಿಂದ ನಡೆದುಕೊಂಡು ಹೋಗುವಷ್ಟು ದೂರ. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಎಂಟನೇ ಕ್ಲಾಸಿಗೆ ಚೇಳೂರಿನ ಹೈಸ್ಕೂಲಿಗೆ ಸೇರಿದ ವರ್ಷವೇ ಅಲ್ಲಿಗೆ ಒಬ್ಬ ಡ್ರಾಯಿಂಗ್ ಮೇಷ್ಟ್ರು ಬಂದರು. ಬಡಕಲು ಮನುಷ್ಯ, ಅಂಗಿಯ ತೋಳಿಗೆ ಯಾವಾಗಲೂ ಸೀಸದ ಕಪ್ಪು. ಅವರ ಪೀರಿಯಡ್ಡನ್ನು ಗಣಿತದವರು ಒಂದು ದಿನ, ವಿಜ್ಞಾನದವರು ಒಂದು ದಿನ ಕಿತ್ತುಕೊಳ್ಳುತ್ತಿದ್ದರು. ಅವರು ಜಗಳಕ್ಕೆ ಹೋಗುತ್ತಿರಲಿಲ್ಲ. ಚಿತ್ರಕಲೆಯ ಲೋಯರ್ ಗ್ರೇಡ್ ಪರೀಕ್ಷೆಗೆ ಕಟ್ಟುತ್ತೇವೆ ಅಂದ ನಾಲ್ಕಾರು ಜನರನ್ನು ಸಂಜೆ ಉಳಿಸಿಕೊಂಡು ಕಲಿಸುತ್ತಿದ್ದರು. ನಾನು ಸೇರಿದ್ದು ಚಿತ್ರದ ಆಸೆಗಲ್ಲ, ಸಂಜೆ ಬೇಗ ಮನೆಗೆ ಹೋದರೆ ಕೊಟ್ಟಿಗೆ ಗುಡಿಸಬೇಕಿತ್ತು, ಅದಕ್ಕೆ.

ಮೊದಲು ಅವರು ಕಲಿಸಿದ್ದು ಪೆನ್ಸಿಲ್ ಕೆತ್ತುವುದನ್ನು. ಮೆಂಡರ್ ಮುಟ್ಟುವ ಹಾಗಿಲ್ಲ. ಬ್ಲೇಡಿನಲ್ಲಿ ಮರವನ್ನು ಸಣ್ಣಗೆ ಹೆರೆದು ಸೀಸ ಉದ್ದಕ್ಕೆ ಹೊರಗೆ ಬರಬೇಕು. ಆಮೇಲೆ ಬರೀ ಗೆರೆ. ಪುಟಗಟ್ಟಲೆ ಗೆರೆ. ಆಮೇಲೆ ಸ್ಟೂಲಿನ ಮೇಲೆ ಒಂದು ಮಡಕೆ, ಪಕ್ಕದಲ್ಲಿ ಎರಡು ಬದನೆಕಾಯಿ. ಪೆನ್ಸಿಲನ್ನು ಕೈ ಉದ್ದಕ್ಕೆ ಚಾಚಿ ಹಿಡಿದು, ಒಂದು ಕಣ್ಣು ಮುಚ್ಚಿ, ಹೆಬ್ಬೆರಳು ಸರಿಸುತ್ತಾ ಅಳತೆ ತೆಗೆಯುವುದನ್ನು ತೋರಿಸಿಕೊಟ್ಟರು. ಅದು ನನಗೆ ಹುಚ್ಚು ಹಿಡಿಸಿಬಿಟ್ಟಿತು. ಮನೆಗೆ ಬಂದು ಹಸುವಿನ ಅಳತೆ, ಒರಳುಕಲ್ಲಿನ ಅಳತೆ, ಬಾಗಿಲ ಅಳತೆ. ಜಗಲಿಯಲ್ಲಿ ಎಲೆ ಅಡಿಕೆ ಕುಟ್ಟುತ್ತಿದ್ದ ಅಜ್ಜಿಯ ಕಡೆಗೂ ಒಂದು ದಿನ ಪೆನ್ಸಿಲ್ ಚಾಚಿದೆ.

"ಏನೇ, ನನ್ ಅಳತೆ ತಗೀತಿದೀಯಾ? ಗುಂಡಿ ತೋಡ್ಸೋಕಾ?" ಅಂದಳು.

ಮೇಷ್ಟ್ರು ಎರಡು ಮಾತನ್ನು ದಿನಾ ಹೇಳುತ್ತಿದ್ದರು. ಮಡಕೆಯನ್ನು ನೆಟ್ಟಗೆ ನಿಲ್ಲಿಸಲು ಬಾರದವರು ಮನುಷ್ಯರ ಮುಖಕ್ಕೆ ಕೈ ಹಾಕಬಾರದು, ಇದು ಒಂದು. ಕಂಡಷ್ಟನ್ನೇ ಬರೆಯಬೇಕು, ಗೊತ್ತಿರುವುದನ್ನು ಬರೆಯಬಾರದು, ಇದು ಇನ್ನೊಂದು. ಮಡಕೆಯ ಬಾಯಿ ದುಂಡಗಿರುತ್ತದೆ ಅಂತ ನಿನಗೆ ಗೊತ್ತು, ಆದರೆ ನೀನು ಕೂತ ಜಾಗದಿಂದ ಅದು ದುಂಡಗೆ ಕಾಣುತ್ತಿದೆಯಾ, ಸರಿಯಾಗಿ ನೋಡು ಅನ್ನುತ್ತಿದ್ದರು. ನೋಡಿದರೆ ನಿಜವಾಗಿಯೂ ಚಪ್ಪಟೆಯಾಗಿ ಕಾಣುತ್ತಿತ್ತು. ಅಷ್ಟು ದಿನ ಮಡಕೆಯನ್ನು ನೋಡಿಯೇ ಇರಲಿಲ್ಲವಲ್ಲ ಅಂತ ನನಗೆ ಆಶ್ಚರ್ಯ.

ಅವರೆಕಾಯಿ ಕಾಲ ಬಂತು. ನಮ್ಮ ಸೀಮೆಯವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಸ್ಸಿನಲ್ಲಿ, ಶಾಲೆಯಲ್ಲಿ, ತಲೆದಿಂಬಿನಲ್ಲಿ ಎಲ್ಲ ಕಡೆ ಸೊಗಡಿನ ವಾಸನೆ. ಮುಸ್ಸಂಜೆಗೆ ಮೊದಲು ಅವ್ವ ನೆನೆಸಿದ ಕಾಳಿನ ಬೋಸಿ ಮುಂದಿಟ್ಟುಕೊಂಡು ಹಜಾರದ ಬಾಗಿಲಲ್ಲಿ ಕೂರುತ್ತಿದ್ದಳು. ಹೆಬ್ಬೆರಳು ತೋರುಬೆರಳಿನ ಮಧ್ಯೆ ಕಾಳು ಇಟ್ಟು ಒತ್ತಿದರೆ ಬೇಳೆ ಪುಟಕ್ಕನೆ ಹಾರಿ ಪಾತ್ರೆಗೆ ಬೀಳುತ್ತಿತ್ತು, ಸಿಪ್ಪೆ ಬೆರಳಲ್ಲಿ ಉಳಿಯುತ್ತಿತ್ತು. ಮುಖ ಬರೆಯುವಂತಿಲ್ಲವಲ್ಲ, ನಾನು ಎದುರಿಗೆ ಕೂತು ಅವಳ ಕೈ ಬರೆದೆ. ಎಷ್ಟೋ ಸಲ ಬರೆದು ಕಡೆಗೆ ಒಂದು ಸರಿಯಾಗಿ ಬಂತು. ಬಳೆ ಮೇಲಕ್ಕೆ ಸರಿದಿರುವುದು, ಹೆಬ್ಬೆರಳ ಉಗುರು ಒಂದು ಕಡೆ ಸೀಳಿರುವುದು, ಎಲ್ಲ ಬಂತು. ಕಾಗದದ ಮೂಲೆಗೆ ಸೊಗಡಿನ ಕಲೆಯೂ ಬಿತ್ತು.

ಅವ್ವ ಅದನ್ನು ತುಂಬ ಹೊತ್ತು ನೋಡಿ, ತನ್ನ ಕೈಯನ್ನು ಪಕ್ಕದಲ್ಲಿಟ್ಟು ಹೋಲಿಸಿದಳು. ಅನ್ನ ಮಾಡೋ ಕೈಯನ್ನೂ ಯಾರಾದರೂ ಬರೆಯುತ್ತಾರಾ ಅಂತ ನಕ್ಕಳು. ಕುಂಕುಮದ ಭರಣಿ ಇಡುತ್ತಿದ್ದ ಗೋಡೆಯ ಗೂಡಿನಲ್ಲಿ ಅದನ್ನು ಮಡಿಸದೆ ನಿಲ್ಲಿಸಿದಳು.

ಆ ಶನಿವಾರ ಬಂದ ಚಿಕ್ಕಮ್ಮನಿಗೆ ಮೊದಲು ತೋರಿಸಿದ್ದೂ ಅದನ್ನೇ. ಚಿಕ್ಕಮ್ಮ ಅವ್ವನ ತಂಗಿ. ತವರು ಊರ್ಡಿಗೆರೆ ಕಡೆ. ತುಮಕೂರಿನಲ್ಲಿ ಟೀಚರ್ ಟ್ರೈನಿಂಗ್ ಎರಡನೇ ವರ್ಷ ಓದುತ್ತಾ ಕ್ಯಾತ್ಸಂದ್ರದ ಒಂದು ಹಾಸ್ಟೆಲಿನಲ್ಲಿದ್ದಳು. ಬರುವಾಗೆಲ್ಲ ಅಲ್ಲಿಂದ ಎಲೆಯಲ್ಲಿ ಕಟ್ಟಿಸಿದ ತಟ್ಟೆ ಇಡ್ಲಿ ತರುತ್ತಿದ್ದಳು. ಜೊತೆಗೆ ಚೀಲದಲ್ಲಿ ಚಾಕ್‌ಪೀಸು. ನಮ್ಮನೆಯ ಹಿತ್ತಲ ಬಾಗಿಲೇ ಅವಳ ಕಪ್ಪು ಹಲಗೆ. ನನ್ನನ್ನೂ, ಇನ್ನೂ ಅಂಗನವಾಡಿಗೆ ಹೋಗುತ್ತಿದ್ದ ನನ್ನ ತಮ್ಮನನ್ನೂ ಕೂರಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಪರೀಕ್ಷೆಯಲ್ಲಿ ಮಾಡಿ ತೋರಿಸಬೇಕಾದ ಪಾಠವನ್ನು ನಮ್ಮ ಮೇಲೆ ಪ್ರಯೋಗ ಮಾಡುತ್ತಿದ್ದಳು. "ಹೇಳಿ ಮಕ್ಕಳೇ" ಅಂತ ರಾಗವಾಗಿ ಕೇಳುವಾಗ ಅವಳ ಕಣ್ಣು ಹೊಳೆಯುತ್ತಿತ್ತು. ತನ್ನನ್ನು ಯಾವ ಊರಿನ ಸ್ಕೂಲಿಗೆ ಹಾಕುತ್ತಾರೋ, ಅಲ್ಲಿಗೆ ನಮ್ಮನ್ನೂ ಕರೆಸಿಕೊಳ್ಳುತ್ತೇನೆ ಅಂತ ಮಾತು ಕೊಟ್ಟಿದ್ದಳು. ಅವ್ವನಿಗೂ ತಂಗಿಯ ಬಗ್ಗೆ ಹೆಮ್ಮೆ. ಅಕ್ಕಪಕ್ಕದವರ ಮುಂದೆ "ನಮ್ ಮೇಡಮ್ಮು" ಅನ್ನುತ್ತಿದ್ದಳು.

ಅವ್ವನಿಗೆ ಕಾಮಾಲೆ ಬಂದದ್ದು ಆಮೇಲೆ. ಮೊದಲು ಊಟ ಸೇರದು ಅಂದಳು, ಒಗ್ಗರಣೆ ವಾಸನೆಗೆ ವಾಂತಿ ಬರುತ್ತದೆ ಅಂದಳು. ಅಜ್ಜಿ ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕದಡಿ ಕೊಟ್ಟಳು. ಉಪ್ಪು ಬಿಡಿಸಿದರು, ಎಣ್ಣೆ ಬಿಡಿಸಿದರು. ಯಾರೋ ಹೇಳಿದರು ಅಂತ ಕೊರಳಿಗೆ ಬೇರಿನ ತುಂಡುಗಳ ಮಾಲೆ ಕಟ್ಟಿಸಿಕೊಂಡು ಬಂದರು. ಊರಿನಲ್ಲಿ ಎಷ್ಟೋ ಜನ ಅಷ್ಟರಲ್ಲೇ ವಾಸಿಯಾಗಿದ್ದರು, ಹಾಗಾಗಿ ಯಾರಿಗೂ ಅಂಥ ಗಾಬರಿಯಿರಲಿಲ್ಲ. ಅವ್ವ ಮಾತ್ರ ದಿನೇ ದಿನೇ ಹಳದಿಯಾಗುತ್ತಾ ಹೋದಳು. ಉಗುರು, ಅಂಗೈ, ಕಡೆಗೆ ಕಣ್ಣು.

ಒಂದು ಮಧ್ಯಾಹ್ನ ಅವಳು ಹಜಾರದಲ್ಲಿ ಬಿಸಿಲು ಬೀಳುವ ಕಡೆ ಚಾಪೆ ಹಾಸಿಕೊಂಡು ಮಲಗಿದ್ದಳು. ಅಷ್ಟು ವರ್ಷದಲ್ಲಿ ಅವಳು ಹಗಲು ಹೊತ್ತು ಸುಮ್ಮನಿದ್ದದ್ದನ್ನು ನಾನು ನೋಡಿದ್ದೇ ಅದು ಮೊದಲು. ನಾನು ರಟ್ಟು, ಕಾಗದ ತಂದು ಎದುರಿಗೆ ಕೂತೆ. ಪೆನ್ಸಿಲ್ ಚಾಚಿದ್ದು ಅವಳಿಗೆ ಕಂಡಿತು. ತನ್ನ ಮುಖ ಬರೀತಿದೀಯಾ ಅಂತ ಕೇಳಿದಳು. ಮೇಷ್ಟ್ರು ಇನ್ನೂ ಮುಖ ಹೇಳಿಕೊಟ್ಟಿಲ್ಲ, ಆದರೂ ಪ್ರಯತ್ನ ಮಾಡುತ್ತೇನೆ ಅಂದೆ. ಅವಳು ಗೋಡೆ ಕಡೆಗೆ ಹೊರಳಿದಳು.

"ಈಗ ಬ್ಯಾಡ ಕಣವ್ವ. ಕಣ್ಣೆಲ್ಲ ಹಳದಿಯಾಗೋಗೈತೆ. ಹುಷಾರಾದ್ಮೇಲೆ ಒಳ್ಳೆ ಸೀರೆ ಉಟ್ಕೊಂಡು ನಿನ್ ಮುಂದೆ ಕೂತ್ಕೋತೀನಿ. ಆವಾಗ ಬರಿಯೋವಂತೆ."

ಪೆನ್ಸಿಲಿನಲ್ಲಿ ಹಳದಿ ಕಾಣುವುದಿಲ್ಲ ಅಂತ ನಾನು ವಾದ ಮಾಡಿದೆ.

"ನಿನ್ ಪೆನ್ಸಿಲ್ಗೆ ಕಾಣ್ದೇ ಇರಬೋದು, ನಿಂಗ್ ಕಾಣ್ತದಲ್ಲ," ಅಂದಳು. ಅವಳ ತಲೆಯ ಹತ್ತಿರ ನೀರಿನ ಚೊಂಬು ಇತ್ತು, ಅದನ್ನು ಬರಿ ಅಂದಳು. ನಾನು ಚೊಂಬು ಬರೆದೆ. ಚೊಂಬು ಚೆನ್ನಾಗಿ ಬಂತು.

ತುಮಕೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗುವ ಹೊತ್ತಿಗೆ ಅವಳಿಗೆ ನಮ್ಮ ಗುರುತು ತಪ್ಪುತ್ತಿತ್ತು. ಸಂಕ್ರಾಂತಿ ಕಳೆದು, ಅವರೆಕಾಯಿ ಮುಗಿಯುತ್ತಾ ಬಂದಿದ್ದ ಒಂದು ಬೆಳಿಗ್ಗೆ ಬಾಡಿಗೆ ವ್ಯಾನಿನಲ್ಲಿ ಮನೆಗೆ ತಂದರು. ಫೋಟೋ ತೆಗೆಸಿದರೆ ಆಯಸ್ಸು ಕಮ್ಮಿಯಾಗುತ್ತದೆ ಅಂತ ಅಜ್ಜಿ ಹೇಳಿಕೊಂಡು ಬಂದಿದ್ದಳು. ನಮ್ಮವ್ವ ಮದುವೆಯ ದಿನ ಬಿಟ್ಟರೆ ಒಂದೂ ತೆಗೆಸಿರಲಿಲ್ಲ, ಆದರೂ ಮೂವತ್ತು ದಾಟುತ್ತಲೇ ಆಯಸ್ಸು ಮುಗಿಯಿತು.

ಜಗಲಿಯ ಗೋಡೆಗೆ ಅವ್ವನನ್ನು ಒರಗಿಸಿದರು. ತಲೆ ನಿಲ್ಲುತ್ತಿರಲಿಲ್ಲ, ಎದೆಯ ಮೇಲೆ ಬೀಳುತ್ತಿತ್ತು. ಮುಖ ಸ್ವಲ್ಪ ಎತ್ತಿ ಹಿಡೀರಿ ಅಂತ ಸ್ಟುಡಿಯೋದವನು ಹೇಳಿದ. ಚಿಕ್ಕಮ್ಮ ಪಕ್ಕದಲ್ಲಿ ಬಗ್ಗಿ, ಹಿಂದಿನಿಂದ ಕೈ ಹಾಕಿ ಅಕ್ಕನ ತಲೆಯನ್ನು ಎತ್ತಿ ಹಿಡಿದಳು. ಆ ಫೋಟೋದಲ್ಲಿ ಅವ್ವನ ಕಿವಿಯ ಹತ್ತಿರ ಚಿಕ್ಕಮ್ಮನ ಎರಡು ಬೆರಳು ಈಗಲೂ ಕಾಣುತ್ತವೆ.

ಅವ್ವನನ್ನು ತೋಟದ ಮೂಲೆಯಲ್ಲಿ ಮಣ್ಣು ಮಾಡಿದರು. ಫೋಟೋ ಬಂದಾಗ ಕಣ್ಣಿನ ಮಾತು ಎದ್ದಿತು. ಸ್ಟುಡಿಯೋದವನು ಎಂದಿನಂತೆ ತುಮಕೂರಿಗೆ ಕಳಿಸುತ್ತೇನೆ ಅಂದ. ಅಪ್ಪ ಮಾತು ಕಮ್ಮಿ ಆಡುವ ಮನುಷ್ಯ. ಎದುರುಮನೆಯ ಗೋಡೆಯಲ್ಲಿದ್ದ ಹುಡುಗನ ಫೋಟೋವನ್ನು ನೋಡಿಕೊಂಡು ಬಂದು, ಆ ಕಣ್ಣು ಇವಳಿಗೆ ಬೇಡ ಅಂದ. ಮದುವೆಯ ಫೋಟೋ ಹುಡುಕಿ ತೆಗೆದು ನೋಡಿದೆವು. ಅದರಲ್ಲಿ ಅವ್ವ ತಲೆ ತಗ್ಗಿಸಿದ್ದಳು, ಹಣೆಯಿಂದ ಬಾಸಿಂಗ ಇಳಿಬಿದ್ದಿತ್ತು. ಓಟಿನ ಗುರುತಿನ ಚೀಟಿ ಬಂದದ್ದು ಇದೆಲ್ಲ ಆದ ಮೇಲೆ. ಹೀಗೆ ನಮ್ಮವ್ವ ಕಣ್ಣು ಬಿಟ್ಟಿರುವ ಫೋಟೋ ಈ ಭೂಮಿಯ ಮೇಲೆ ಒಂದೂ ಇರಲಿಲ್ಲ.

"ನೀನ್ ಬರೀತೀಯೇನವ್ವ?" ಅಂತ ಅಪ್ಪ ನನ್ನನ್ನು ಕೇಳಿದ. ಅಪ್ಪ ನನ್ನನ್ನು ಏನಾದರೂ ಕೇಳಿದ್ದು ಅದೇ ಮೊದಲು. ಹೂಂ ಅಂದೆ.

ಮಾತಾಡಿಸಲು ಬಂದ ಡ್ರಾಯಿಂಗ್ ಮೇಷ್ಟ್ರು ಕಾಗದ ತಂದುಕೊಟ್ಟರು, ತಮ್ಮ ಮೆತ್ತನೆ ಸೀಸದ ಪೆನ್ಸಿಲನ್ನೂ ಕೊಟ್ಟರು. ಮುಖಕ್ಕೆ ಕೈ ಹಾಕಬಾರದು ಅನ್ನುವ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಫೋಟೋದ ಮೇಲೆ ಸಣ್ಣ ಚೌಕಗಳನ್ನು ಎಳೆದು, ಕಾಗದದ ಮೇಲೆ ದೊಡ್ಡ ಚೌಕಗಳನ್ನು ಎಳೆದು, ಒಂದೊಂದೇ ಮನೆ ನೋಡಿಕೊಂಡು ತುಂಬುವ ಕ್ರಮ ಹೇಳಿಕೊಟ್ಟರು. ಕಣ್ಣು ಮಾತ್ರ ನೀವೇ ಬರೆದುಕೊಡಿ ಸಾರ್ ಅಂದೆ. ಅವರು ತಲೆ ಆಡಿಸಿದರು. ಅವ್ವನನ್ನು ಅವರು ನೋಡಿರಲಿಲ್ಲ. "ನೋಡಿರೋಳು ನೀನು ಕಣಮ್ಮ," ಅಂದರು.

ಕೂದಲು, ಹಣೆ, ಮೂಗುಬೊಟ್ಟು, ತುಟಿಯ ಮೂಲೆ, ಎಲ್ಲ ಚೌಕದಿಂದ ಚೌಕಕ್ಕೆ ಬಂತು. ಕಿವಿಯ ಹತ್ತಿರದ ಬೆರಳುಗಳನ್ನು ಬಿಟ್ಟು, ಅಲ್ಲಿ ಓಲೆ ಬರೆದೆ. ಕಣ್ಣಿನ ಎರಡು ಮನೆ ಮಾತ್ರ ಖಾಲಿ ಉಳಿದವು. ಅವ್ವನನ್ನು ದಿನಾ ನೋಡಿದವಳು, ಒಂದು ಕಣ್ಣು ನೆನಪಾಗದೆ ಇರುತ್ತದಾ ಅಂದುಕೊಂಡಿದ್ದೆ. ಕಣ್ಣು ಮುಚ್ಚಿಕೊಂಡು ಕೂತರೆ ಒಲೆಯ ಮುಂದಿನ ಅವಳ ಬೆನ್ನು ಬರುತ್ತಿತ್ತು. ಮುದ್ದೆ ತಿರುವುವ ತೋಳು ಬರುತ್ತಿತ್ತು. ಕೈ ಬರುತ್ತಿತ್ತು, ಸೀಳಿದ ಉಗುರಿನ ಸಮೇತ. ಕಣ್ಣು ಅಂದರೆ ಬರೀ ಹಳದಿ. ಆ ಹಳದಿಯ ಹಿಂದೆ ಮೊದಲು ಹೇಗಿತ್ತು ಅಂತ ಎಷ್ಟು ತಡಕಾಡಿದರೂ ಸಿಗಲಿಲ್ಲ. ಬರೆದೆ, ಅಳಿಸಿದೆ. ಬರೆದೆ, ಅಳಿಸಿದೆ. ಕಾಗದ ಆ ಜಾಗದಲ್ಲಿ ನೂಲು ಎದ್ದು ಮಂಕಾಯಿತು. ತಿಥಿ ಹತ್ತಿರ ಬಂತು, ಕಟ್ಟು ಹಾಕುವವನು ಒಂದು ದಿನ ಮೊದಲೇ ಕೊಡಬೇಕು ಅಂದಿದ್ದ. ಅಜ್ಜಿ ದಿನಾ ಬಂದು ಇಣುಕಿ ನೋಡಿ, ಕುರುಡಿ ಥರ ಕೂರಿಸಿದ್ದೀಯಲ್ಲೇ ನನ್ನ ಸೊಸೇನ ಅಂತ ಅತ್ತು ಹೋಗುತ್ತಿದ್ದಳು.

ನಾನೂ ಅಳುತ್ತಾ ಕೂತಿದ್ದೆ. ಚಿಕ್ಕಮ್ಮ ಹಜಾರದ ಬಾಗಿಲಲ್ಲಿ, ಅವ್ವ ಕೂರುತ್ತಿದ್ದ ಕಡೆಯೇ, ತಿಥಿಯ ಅಕ್ಕಿ ಆರಿಸುತ್ತಿದ್ದಳು. ಮೊರ ಪಕ್ಕಕ್ಕಿಟ್ಟು ನನ್ನ ಕಡೆ ತಿರುಗಿ ಕೂತಳು.

"ನನ್ ನೋಡ್ಕೊಂಡ್ ಬರಿ. ಅಕ್ಕ ತಂಗೀರಲ್ವಾ, ಏನ್ ಮಹಾ ಯತ್ವಾಸ ಇದ್ದೀತು?"

ಕಂಡಷ್ಟನ್ನೇ ಬರೆಯಬೇಕು ಅಂತ ಕಲಿತವಳಿಗೆ ಕಡೆಗೂ ಎದುರಿಗೆ ಎರಡು ಕಣ್ಣು ಕಂಡವು. ಬಾಗಿಲಿನ ಬೆಳಕು ಒಂದು ಕಡೆಯಿಂದ ಬೀಳುತ್ತಿತ್ತು. ಅತ್ತು ಅತ್ತು ರೆಪ್ಪೆ ಊದಿದ್ದರೂ ನೋಟ ತಿಳಿಯಾಗಿತ್ತು. ಪಾಠ ಹೇಳುವಾಗ ಮಕ್ಕಳ ಉತ್ತರಕ್ಕೆ ಕಾಯುತ್ತಾಳಲ್ಲ, ಹಾಗೆ ನೋಡುತ್ತಾ ಅಲ್ಲಾಡದೆ ಕೂತಳು. ನನ್ನ ಕೈ ಅದಾಗಿಯೇ ಓಡಿತು. ಆ ಸಂಜೆಯಷ್ಟು ಚೆನ್ನಾಗಿ ನಾನು ಆಮೇಲೆ ಯಾವತ್ತೂ ಬರೆದಿಲ್ಲ.

ತಿಥಿಯ ದಿನ ಚಿತ್ರಕ್ಕೆ ಹಾರ ಹಾಕಿ, ಮುಂದೆ ಎಡೆ ಇಟ್ಟರು. ಅವ್ವನಿಗೆ ಇಷ್ಟ ಅಂತ ಕೊನೆ ಕೊಯ್ಲಿನ ಅವರೆಯಲ್ಲಿ ಹಿತಕಿದಬೇಳೆ ಸಾರು ಮಾಡಿದ್ದರು. ಬಂದವರೆಲ್ಲ ನೋಡಿ ಅತ್ತರು. ಎದ್ದು ಬಂದಂಗೈತೆ, ಮಾತಾಡೋದೊಂದೇ ಬಾಕಿ ಅಂದರು. ನನ್ನ ತಲೆ ಸವರಿದರು. ನನಗೆ ದುಃಖದ ನಡುವೆಯೂ ಹೆಮ್ಮೆಯಾಯಿತು. ಅಪ್ಪ ಮಾತ್ರ ಒಂದು ಸಲ ನೋಡಿ, ಎದ್ದುಹೋಗಿ ಕೊಟ್ಟಿಗೆಯಲ್ಲಿ ಹಸುವಿಗೆ ಹುಲ್ಲು ಹಾಕುತ್ತಾ ನಿಂತ. ಆಗಷ್ಟೇ ಹಾಕಿದ್ದ ಹುಲ್ಲಿನ ಮೇಲೆ ಮತ್ತೆ ಹಾಕುತ್ತಿದ್ದ.

ಅಜ್ಜಿ ಚಿತ್ರವನ್ನು ನೋಡಿದಳು. ಬಡಿಸುತ್ತಾ ಓಡಾಡುತ್ತಿದ್ದ ಚಿಕ್ಕಮ್ಮನನ್ನು ನೋಡಿದಳು. ಮತ್ತೆ ಚಿತ್ರವನ್ನು ನೋಡಿದಳು. ಊಟ ಮುಗಿದು ಎರಡೂ ಕಡೆಯ ಹಿರಿಯರು ಜಗಲಿಯಲ್ಲಿ ಎಲೆ ಅಡಿಕೆಗೆ ಕೂತಾಗ ಮಾತು ತೆಗೆದಳು. ನಮ್ಮ ಕಡೆ ಹೀಗೆ ಮಾಡುವುದು ಹೊಸದಲ್ಲ. ಅಕ್ಕ ಸತ್ತರೆ, ಮಕ್ಕಳು ಚಿಕ್ಕವಿದ್ದರೆ, ತಂಗಿಯನ್ನು ಅದೇ ಮನೆಗೆ ಕೊಡುವುದು. ಬೇರೆ ಯಾರೋ ಬಂದು ಮಕ್ಕಳನ್ನು ಗೋಳು ಹೊಯ್ದುಕೊಳ್ಳುವುದು ಬೇಡ ಅಂತ. ಆದರೂ ಊರ್ಡಿಗೆರೆ ತಾತ ಹಿಂದೆ ಮುಂದೆ ನೋಡಿದ. ಮಗಳು ಓದುತ್ತಿದ್ದಾಳೆ, ಇನ್ನೇನು ಪರೀಕ್ಷೆ ಬಂತು, ಕೆಲಸ ಸಿಗುತ್ತದೆ ಅಂದ. ಆಗ ಅಜ್ಜಿ ಒಳಗಿದ್ದ ಚಿತ್ರದ ಕಡೆ ಕೈ ತೋರಿಸಿದಳು.

"ನೋಡ್ರಪ್ಪ, ದೊಡ್ಡೋಳ್ ಮುಖದಾಗೆ ಚಿಕ್ಕೋಳು ಕುಂತವ್ಳೆ. ಮಗೀನ್ ಕೈಲಿ ದೇವ್ರೇ ಬರ್ಸವ್ನೆ. ಇದಕ್ಕಿಂತ ಇನ್ನೇನ್ ಕೇಳ್ಬೇಕು?"

ಬಾಗಿಲ ಸಂದಿಯಲ್ಲಿದ್ದ ನಾನು ಓಡಿ ಹೊರಗೆ ಬಂದೆ. ದೇವರು ಬರೆಸಿದ್ದಲ್ಲ, ಚಿಕ್ಕಮ್ಮನನ್ನು ಎದುರಿಗೆ ಕೂರಿಸಿಕೊಂಡು ನಾನೇ ಬರೆದದ್ದು, ಅದು ಚಿಕ್ಕಮ್ಮನ ಕಣ್ಣು, ಅವ್ವಂದಲ್ಲ ಅಂತ ಬಡಬಡ ಹೇಳಿದೆ. ಎಲ್ಲ ತಿಳಿಯಾಗುತ್ತದೆ ಅಂದುಕೊಂಡಿದ್ದೆ.

"ನಾನೂ ಅದನ್ನೇ ಕಣೇ ಹೇಳ್ತಿರೋದು," ಅಂದಳು ಅಜ್ಜಿ.

ತಾತ ತಲೆ ತಗ್ಗಿಸಿದ. ಒಳಗೆ ಪಾತ್ರೆಯ ಸದ್ದು ನಿಂತಿತ್ತು. ಚಿಕ್ಕಮ್ಮನನ್ನು ಯಾರಾದರೂ ಕರೆದು ಕೇಳಿದರಾ ಅಂದರೆ, ಕೇಳಿದರು. ಮಕ್ಕಳ ಮುಖ ನೋಡಿ ಹೇಳವ್ವ ಅಂತ, ನನ್ನನ್ನೂ ತಮ್ಮನನ್ನೂ ಅವಳ ಮುಂದೆ ನಿಲ್ಲಿಸಿಕೊಂಡು ಕೇಳಿದರು. ಹಾಗೆ ಕೇಳಿದರೆ ಯಾರು ಏನು ಹೇಳಲು ಸಾಧ್ಯ? ತಮ್ಮ ಅವಳ ಸೀರೆ ಹಿಡಿದುಕೊಂಡು ನಿಂತಿದ್ದ.

ಯುಗಾದಿ ಆದ ಮೇಲೆ ದೇವಸ್ಥಾನದಲ್ಲಿ ನಾಲ್ಕು ಜನರ ಮುಂದೆ ತಾಳಿ ಕಟ್ಟಿಸಿದರು. ಚಿಕ್ಕಮ್ಮ ಹಾಸ್ಟೆಲಿನಿಂದ ಟ್ರಂಕು ತಂದುಬಿಟ್ಟಳು. ಪರೀಕ್ಷೆಯನ್ನು ಮುಂದಿನ ವರ್ಷ ಬರೆದರಾಯಿತು ಅಂತ ಎಲ್ಲರೂ ಅಂದರು. ಮುಂದಿನ ವರ್ಷ ಅಜ್ಜಿ ಬಿದ್ದು ಸೊಂಟ ಮುರಿದುಕೊಂಡಳು, ಅದರ ಮುಂದಿನ ವರ್ಷ ಇನ್ನೇನೋ. ಆಮೇಲೆ ಆ ಮಾತನ್ನು ಯಾರೂ ಆಡಲಿಲ್ಲ. ಅವಳ ಚೀಲದಲ್ಲಿದ್ದ ಚಾಕ್‌ಪೀಸುಗಳಲ್ಲಿ ತಮ್ಮ ನೆಲದ ತುಂಬ ಗೀಚಿ ಗೀಚಿ ಮುಗಿಸಿದ. ಹಿತ್ತಲ ಬಾಗಿಲಿನ ಮೇಲೆ ಅವಳು ಕೊನೆಯ ಸಲ ಬರೆದಿದ್ದ ಪಾಠ ಮಳೆಗಾಲದವರೆಗೂ ಇತ್ತು. ಅವಳು ನಮ್ಮನ್ನು ಚೆನ್ನಾಗಿ ನೋಡಿಕೊಂಡಳು. ಒಂದು ದಿನವೂ ಕೈ ಎತ್ತಲಿಲ್ಲ, ಅಪ್ಪನ ಜೊತೆ ದನಿ ಎತ್ತಲಿಲ್ಲ. "ಹೇಳಿ ಮಕ್ಕಳೇ" ಅನ್ನುವ ಆ ರಾಗ ಮಾತ್ರ ಆಮೇಲೆ ನಮ್ಮನೆಯಲ್ಲಿ ಕೇಳಲಿಲ್ಲ.

ಲೋಯರ್ ಗ್ರೇಡ್ ಪರೀಕ್ಷೆಗೆ ನನ್ನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದವಳೂ ಅವಳೇ. ಒಂದು ಮಡಕೆ, ಒಂದು ಬುಟ್ಟಿ ಇಟ್ಟಿದ್ದರು. ಬರೆದು ಪಾಸಾದೆ. ಮೇಷ್ಟ್ರು ಇನ್ನು ಮುಖ ಶುರು ಮಾಡೋಣ ಅಂದರು, ನಾನು ಹೋಗುವುದನ್ನು ಬಿಟ್ಟೆ. ಅವರು ಕೊಟ್ಟಿದ್ದ ಪೆನ್ಸಿಲ್ ತುಂಬ ವರ್ಷ ನನ್ನ ಹತ್ತಿರ ಇತ್ತು.

ಚಿಕ್ಕಮ್ಮನ ಹಠದಿಂದ ನಾನು ಟ್ರೈನಿಂಗ್ ಓದಿದೆ, ಟೀಚರಾದೆ. ಕೆಲಸ ಕುಣಿಗಲ್ ಕಡೆ ಸಿಕ್ಕಿತು. ಮೊದಲ ದಿನ ಕ್ಲಾಸಿಗೆ ಹೋಗುವಾಗ ಯಾವ ಸೀರೆ ಉಡಬೇಕು, ಸೆರಗು ಹೇಗೆ ಹಾಕಿಕೊಳ್ಳಬೇಕು ಅಂತೆಲ್ಲ ಹೇಳಿಕೊಟ್ಟಳು. ಸ್ಕೂಲಿನ ಗೇಟಿನವರೆಗೂ ಬಂದಳು, ಒಳಗೆ ಬರಲಿಲ್ಲ.

ಈಗ ಎಲ್ಲರ ಕೈಯಲ್ಲೂ ಫೋನು. ಸಂಜೆ ಟೀ ಕುಡಿದರೂ ಫೋಟೋ ಇರುತ್ತದೆ. ನಮ್ಮ ಸ್ಕೂಲಿನ ಮಕ್ಕಳಿಗೆ ಅವರ ಅಮ್ಮಂದಿರ ಕಣ್ಣು ಹೇಗಿದೆ ಅಂತ ನೆನಪಿಟ್ಟುಕೊಳ್ಳುವ ಕಷ್ಟವೇ ಬರುವುದಿಲ್ಲ. ನಾನು ಸರಿಯಾಗಿ ಬರೆದಿದ್ದ ಅವ್ವನ ಕೈ ಗೂಡಿನಲ್ಲೇ ಗೆದ್ದಲು ಹಿಡಿದು ಹೋಯಿತು, ಒಂದು ದಿನ ಮುಟ್ಟಿದರೆ ಮಣ್ಣಾಗಿ ಉದುರಿತು. ಉಳಿದದ್ದು ಸುಳ್ಳು ಕಣ್ಣಿನ ಚಿತ್ರ. ಅದಕ್ಕೆ ಮಾತ್ರ ಏನೂ ಆಗಲಿಲ್ಲ. ತಪ್ಪು ನನ್ನದು ಅಂತ ಅತ್ತು ಹಗುರಾಗೋಣ ಅಂದರೆ ಅದೂ ಸಾಧ್ಯವಿಲ್ಲ. ಆ ವಯಸ್ಸಿನ ಹುಡುಗಿ ಇನ್ನೇನು ಮಾಡಬೇಕಿತ್ತು, ನನಗೆ ಇವತ್ತಿಗೂ ಹೊಳೆದಿಲ್ಲ.

ಈ ಫೋನುಗಳೆಲ್ಲ ಬರುವ ಮೊದಲಿನ ಮಾತು, ಎರಡು ಸಾವಿರದ ಇಸವಿ ದಾಟಿ ಸ್ವಲ್ಪ ಕಾಲವಾಗಿತ್ತು. ಊರಿನ ಹೆಂಚಿನ ಮನೆ ಬಿಚ್ಚಿ ತಾರಸಿ ಹಾಕಿಸುವಾಗ ಚಿತ್ರದ ಗಾಜು ಒಡೆಯಿತು. ಹೊಸ ಕಟ್ಟು ಹಾಕಿಸಲು ಚಿಕ್ಕಮ್ಮ ಅದನ್ನು ಹಳೆ ಸೀರೆಯಲ್ಲಿ ಸುತ್ತಿಕೊಂಡು ಕುಣಿಗಲ್ಲಿಗೆ ನನ್ನ ಮನೆಗೆ ಬಂದಳು. ಮಹಾಲಯ ಅಮಾವಾಸ್ಯೆ ಹತ್ತಿರವಿತ್ತು. ಕಟ್ಟು ಹಾಕಿಸಿ ತಂದು, ಗಾಜು ಒರೆಸಿ, ಗೋಡೆಗೆ ಆನಿಸಿಟ್ಟು ಇಬ್ಬರೂ ಎದುರಿಗೆ ಕೂತೆವು. ಅವಳ ಮುಂದಲೆ ಆಗಲೇ ನರೆತಿತ್ತು. ಕಣ್ಣಿನ ಸುತ್ತ ಕಪ್ಪು ಕಟ್ಟಿ, ನೋಟ ಒಳಕ್ಕೆ ಹೋಗಿತ್ತು. ಅವಳನ್ನೂ ಚಿತ್ರವನ್ನೂ ಅಕ್ಕಪಕ್ಕ ನೋಡಿದವರು ಈಗ ಹೋಲಿಕೆ ಇದೆ ಅಂತ ಹೇಳುತ್ತಿರಲಿಲ್ಲ.

"ಒಂದ್ ಮಾತ್ ಹೇಳ್ತೀನಿ, ಬೇಜಾರ್ ಮಾಡ್ಕೋಬೇಡ," ಅಂದಳು. "ಇದು ಅಕ್ಕ ಅಲ್ಲ ಕಣೇ, ನಾನು. ಇಷ್ಟು ವರ್ಷ ನಂಗೆ ನಾನೇ ಹಾರ ಹಾಕ್ಕೊಂಡು ಬಂದಿದೀನಿ."

ಅವ್ವನ ಕಣ್ಣು ಹೇಗಿತ್ತು ಚಿಕ್ಕಮ್ಮ, ನಿನಗಾದರೂ ಗೊತ್ತಿರಬೇಕಲ್ಲ ಅಂತ ಕೇಳಿದೆ. ಸಣ್ಣವು ಅನ್ನಿಸುತ್ತೆ ಅಂದಳು. ಅಲ್ಲ, ಒಲೆಯ ಹೊಗೆಗೆ ಸಣ್ಣ ಮಾಡಿಕೊಳ್ಳುತ್ತಿದ್ದಳೋ ಏನೋ ಅಂದಳು. ಕಡೆಗೆ, ಇದನ್ನೇ ನೋಡಿ ನೋಡಿ ಅವಳದು ಅಳಿಸಿಹೋಗಿದೆ, ಗೊತ್ತಿಲ್ಲ ಅಂದಳು. ಅಪ್ಪನನ್ನು ಕೇಳೋಣ ಅಂದರೆ ಅಪ್ಪ ಆಗಲೇ ಇರಲಿಲ್ಲ.

ಹಾಗಾದರೆ ಈ ಕಣ್ಣನ್ನು ಅಳಿಸಿಬಿಡಲಾ, ಕಟ್ಟು ಬಿಚ್ಚಿಸಿ ಆ ಎರಡು ಮನೆ ಖಾಲಿ ಬಿಡಲಾ ಅಂದೆ. ನಿಜವಾಗಿಯೂ ಹಾಗೆ ಮಾಡಬೇಕು ಅನ್ನಿಸಿತ್ತು.

ಚಿಕ್ಕಮ್ಮ ಕೈ ಅಡ್ಡ ಹಿಡಿದಳು.

"ಬ್ಯಾಡ, ಬುಡು. ಟ್ರೈನಿಂಗ್ ಓದ್ತಿದ್ದಾಗ ನಾನು ಹೆಂಗಿದ್ದೆ ಅನ್ನೋಕೆ ಇದೊಂದೇ ಇರೋದು."

ಆಮೇಲೆ ಹೂವಿನ ಪೊಟ್ಟಣ ಬಿಚ್ಚಿ, ಹಾರವನ್ನು ಅವಳೇ ಹಾಕಿದಳು.